ಸಹಾಯ ಬೇಕು: ಕುಂಬಳೆ ಅಳಿವೆಯ ಈ ಹಕ್ಕಿ ಡನ್ಲಿನ್ನೋ, ಬ್ರಾಡ್ ಬಿಲ್ಡ್ ಸ್ಯಾಂಡ್‌ಪೈಪರೋ?

ನೀರಿಳಿದಾಗ ಸ್ಯಾಂಡ್ ಪ್ಲೋವರ್ ಗುಂಪಿನ ಜೊತೆ ಒಂದು ಬೂದು ಹಕ್ಕಿ ಕೆಸರು ಕುಕ್ಕುತ್ತಿದೆ. ಪಕ್ಕದ ಲಿಟಲ್ ಸ್ಟಿಂಟ್‌ಗಿಂತ ಸ್ವಲ್ಪವೇ ದೊಡ್ಡದು, ಕಾಲು ಗಿಡ್ಡ. ಹಾರುವಾಗಿನ ಫೋಟೋದಲ್ಲಿ ಬಾಲದ ಬುಡದ ನಡುವೆ ಕಪ್ಪು ಗೆರೆ ಇದೆ. ಹಾಗಾಗಿ ಕರ್ಲ್ಯೂ ಸ್ಯಾಂಡ್‌ಪೈಪರ್ ಖಂಡಿತ ಅಲ್ಲ, ಅದಕ್ಕೆ ಅಲ್ಲಿ ಪೂರ್ತಿ ಬಿಳಿ. ಕೊಕ್ಕು ಬುಡದಿಂದ ನೇರ, ತುದಿ ಮಾತ್ರ ಥಟ್ಟನೆ ಕೆಳಕ್ಕೆ ಬಾಗಿದೆ. ಅಂದರೆ ಬ್ರಾಡ್ ಬಿಲ್ಡ್ ಇರಬೇಕು.

ತೊಡಕು ಹುಬ್ಬಿನದು, ಅಂದರೆ ಕಣ್ಣಿನ ಮೇಲಿನ ಬಿಳಿ ಗೆರೆಯದು. ಬ್ರಾಡ್ ಬಿಲ್ಡ್ ಆದರೆ ಕವಲೊಡೆದ ಜೋಡಿ ಗೆರೆ ಇರಬೇಕಿತ್ತು, ಕಾಣುವುದು ಒಂದೇ. ಸ್ಕೋಪ್‌ನಲ್ಲಿ (ದೂರದರ್ಶಕ) ನೋಡೋಣ ಅಂದರೆ ಈಗ ಇಳಿತ ಮಧ್ಯಾಹ್ನಕ್ಕೆ. ಬಿಸಿಲ ಝಳಕ್ಕೆ ಎಲ್ಲ ಕದಡಿ ಕಾಣುತ್ತದೆ (ಫೋಟೋವೂ ಅಷ್ಟೇ).

ಚಳಿಗಾಲದ ಗರಿಯಲ್ಲಿ ಆ ಜೋಡಿಯಲ್ಲಿ ಮೇಲಿನ ಗೆರೆ ಮಾಸುವುದುಂಟಾ? ಕೊಕ್ಕಿನ ತುದಿಯೊಂದನ್ನೇ ನಂಬಿ ಇ-ಬರ್ಡ್‌ಗೆ (ಹಕ್ಕಿ ದಾಖಲಿಸುವ ಜಾಲತಾಣ) ಹಾಕಬಹುದಾ, ಇಲ್ಲ ಇನ್ಯಾವ ಗುರುತು ನೋಡಬೇಕು?