ಆಟದ ಅಂಗಳದ ಗೇಟು: ನಮ್ಮ ಸೊಸೈಟಿ ಕನ್ನಡಿಗರ ಗುಂಪಿನಲ್ಲಿ, ಪುಣೆ (ಹೆಸರಿನ ಬದಲು ಮನೆ ನಂಬರ್)

ಸಿ-304:
ಎಲ್ಲರಿಗೂ ನಮಸ್ಕಾರ. ಗಣಪತಿ ವಂತಿಗೆ ಮಾತಿನ ಮಧ್ಯೆ ಬೇರೆ ವಿಷಯ ತೆಗೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಜುಲೈಯಲ್ಲಿ ಆಟದ ಅಂಗಳ ಹೊಸದು ಮಾಡಿದರಲ್ಲ, ಆಮೇಲೆ ನಮ್ಮ ಪುಟ್ಟಿ ಒಳಗೆ ಹೋಗಿದ್ದು ಒಂದೇ ದಿನ. ಬೈಕ್ ನುಗ್ಗಬಾರದು ಅಂತ ಬಾಗಿಲಲ್ಲಿ ಕಬ್ಬಿಣದ ಪೈಪುಗಳನ್ನು ಅಡ್ಡಡ್ಡ ನಿಲ್ಲಿಸಿದ್ದಾರೆ. ನಿನ್ನೆ ಟೇಪ್ ಹಿಡಿದು ಅಳೆದೆ. ನಡುವೆ 70 ಸೆಂ.ಮೀ. ಜಾಗ. ಅವಳ ಗಾಲಿಕುರ್ಚಿ 56 ಸೆಂ.ಮೀ. ಅಗಲ. ಹಿಡಿಸುತ್ತಲ್ವಾ ಅನ್ನಿಸುತ್ತೆ. ಆದರೆ ಅಲ್ಲಿ ಹಾವಿನ ಥರ ತಿರುಗಿ ಹೋಗಬೇಕು, ಕುರ್ಚಿಯ ಉದ್ದ ಹತ್ತಿರ ಹತ್ತಿರ ಒಂದು ಮೀಟರ್. ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ.

ಆ ಒಂದು ದಿನ ಅವಳನ್ನು ಮೊದಲು ಎತ್ತಿ, ಆಮೇಲೆ ಕುರ್ಚಿ ಎತ್ತಿ ಒಳಗೆ ಹೋದೆ. ಒಳಗೆ ಪೂರ್ತಿ ಮರಳು. ಮುಂದಿನ ಚಿಕ್ಕ ಗಾಲಿಗಳು ಎರಡೂ ಹೂತುಹೋದವು. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೊಡ್ಡ ಗಾಲಿಗಳ ಮೇಲೆ ಹಿಮ್ಮುಖವಾಗಿ ಎಳೆದರೆ ಮಾತ್ರ ಬರುತ್ತೆ. ಹಾಗೇ ಎಳೆದುಕೊಂಡು ಹೋದೆ. "ಅಮ್ಮಾ, ಎಲ್ಲಾರೂ ನನ್ನ ಬೆನ್ನ ಹಿಂದೆ ಇದ್ದಾರೆ" ಅಂದಳು.

ಮೊದಲು ಅದು ಬರೀ ಗಟ್ಟಿ ಮಣ್ಣಿನ ನೆಲ. ನೋಡೋಕೆ ಚೆನ್ನಾಗಿರಲಿಲ್ಲ, ನಿಜ. ಆದರೆ ಲಗೋರಿಯಲ್ಲಿ ಮೊದಲ ಚೆಂಡು ಪುಟ್ಟಿಯದೇ ಅಂತ ಮಕ್ಕಳೇ ನಿಯಮ ಮಾಡಿಕೊಂಡಿದ್ದರು. ಕಣ್ಣಾಮುಚ್ಚಾಲೆಯಲ್ಲಿ ಗಾಲಿ ಕಿರ್ ಅಂದು ಇವಳೇ ಮೊದಲು ಸಿಕ್ಕಿಬೀಳುತ್ತಿದ್ದಳು. ಆಟಕ್ಕೆ ಹೊರಡುವ ಮುಂಚೆ ಎಣ್ಣೆ ಬಿಡು ಅಂತ ದಿನಾ ಗಲಾಟೆ.

ಎ-101:
ತಂಗೀ, ಇದು ನಮ್ಮ ಲಕ್ಷ್ಯಕ್ಕೇ ಬರಲಿಲ್ಲ ನೋಡು. ನಾನೂ ಕಮಿಟಿಯಲ್ಲೇ ಇದ್ದೇನೆ, ನಕ್ಷೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅಂಥ ಮಕ್ಕಳಿಗೆ ಅಂತಲೇ ಬೆಲ್ಟ್ ಇರುವ ಜೋಕಾಲಿ ಬರುತ್ತಂತೆ. ಡಿ ವಿಂಗ್ ಹಿಂದಿನ ಮೂಲೆ ಖಾಲಿ ಇದೆ, ಅಲ್ಲಿ ಹಾಕಿಸೋಣ. ಅರ್ಧ ಖರ್ಚು ನನ್ನದು.

ಸಿ-1103:
ಪೈಪ್ ಮಾತ್ರ ತೆಗೆಯಬೇಡಿ. ಡೆಲಿವರಿ ಬೈಕ್‌ನವರು ಅಡ್ಡದಾರಿ ಅಂತ ಅಲ್ಲಿಂದಲೇ ನುಗ್ಗುತ್ತಿದ್ದರು, ಹೋದ ವರ್ಷ ನನ್ನ ಮಗನ ಕಾಲಿಗೇ ತಾಗಿಸಿದ್ದರು. ಮತ್ತೆ, ಬೇಜಾರಾಗಬೇಡಿ, ಈಗಷ್ಟೇ ಅಷ್ಟು ದುಡ್ಡು ಸುರಿದು ಮಾಡಿದ್ದನ್ನ ಒಂದು ಮಗುವಿಗೋಸ್ಕರ ಒಡೆಯೋದಾ?

ಬಿ-602:
ಒಂದು ಮಗು ಅಲ್ಲ ಸರ್. ನನ್ನ ಮಗನಿಗೆ ಆಟಿಸಂ. ಅವನು ನಡೆಯುವುದಿಲ್ಲ, ಓಡುತ್ತಾನೆ. ಕೂಗಿದರೆ ನಿಲ್ಲುವುದಿಲ್ಲ. ನಿಮ್ಮ ಪೈಪು ಅವನನ್ನು ತಡೆಯೋದೂ ಇಲ್ಲ, ಸಂದಿಯಲ್ಲಿ ನುಸುಳಿ ಸೀದಾ ಪಾರ್ಕಿಂಗ್‌ಗೆ ಹೋಗುತ್ತಾನೆ. ಹಾಗಾಗಿ ನಾನು ಅವನನ್ನು ಅಲ್ಲಿಗೆ ಕರೆತರುವುದನ್ನೇ ಬಿಟ್ಟೆ. ರಾತ್ರಿ ಊಟ ಆದ ಮೇಲೆ ಟೆರೇಸಿನ ಬೀಗ ತೆಗೆಸಿ ಅಲ್ಲಿ ಓಡಿಸುತ್ತೇನೆ.

ಅಕ್ಕನಿಗೆ ದಾರಿ ಅಗಲ ಆಗಬೇಕು, ನನಗೆ ಮುಚ್ಚಿರಬೇಕು, ನಿಮಗೆ ಬೈಕ್ ಬರಬಾರದು. ಮೂರಕ್ಕೂ ಒಂದೇ ಉತ್ತರ ಇದೆ: ಪೈಪ್ ಕಿತ್ತು, ತಾನಾಗೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಗೇಟ್ ಹಾಕೋದು. 90 ಸೆಂ.ಮೀ. ದಾರಿ ಸಿಗಬೇಕು. ಚಿಲಕ ಚಿಕ್ಕ ಮಕ್ಕಳ ಕೈಗೆ ಎಟುಕಬಾರದು. ಬೈಕ್‌ನವನು ಇಳಿದು, ಗೇಟ್ ತೆಗೆದು, ಹಿಡಿದುಕೊಂಡು ಅಡ್ಡದಾರಿ ಹಿಡಿಯೋದಿಲ್ಲ. ಅವನಿಗೆ ಅಷ್ಟು ಪುರಸೊತ್ತಿಲ್ಲ.

ಸಿ-1103:
ಸ್ಪ್ರಿಂಗ್ ಎರಡು ತಿಂಗಳಲ್ಲಿ ಕೆಟ್ಟರೆ? (ಕೆಡುತ್ತೆ. ನಮ್ಮ ಲಾಬಿ ಬಾಗಿಲು ನೋಡಿ.) ಆದರೆ ಗೇಟ್ ಆದರೆ ನನ್ನ ತಕರಾರಿಲ್ಲ. ಒಂದು ಮಗು ಅಂದಿದ್ದಕ್ಕೆ ಸಾರಿ.

ಸಿ-304:
ಎ-101 ಕಾಕಾ, ನಿಮ್ಮ ಮನಸ್ಸು ದೊಡ್ಡದು. ಆದರೂ ಜೋಕಾಲಿ ಮೂಲೆಯಲ್ಲಿ ಬೇಡ. ಅಲ್ಲಿ ಅವಳೂ ನಾನೂ ಇಬ್ಬರೇ ಆಗ್ತೀವಿ. ನಾನು ತೂಗೋದು, ಅವಳು ದೂರದಲ್ಲಿ ಆಡೋ ಮಕ್ಕಳನ್ನು ನೋಡೋದು. ಈಗಿರುವ ಸಾಲಿನಲ್ಲೇ ಒಂದು ಜೋಕಾಲಿಯ ಹಲಗೆ ತೆಗೆದು, ಬೆನ್ನಿಗೆ ಒರಗು, ಸೊಂಟಕ್ಕೆ ಬೆಲ್ಟ್ ಇರುವ ಸೀಟ್ ಹಾಕಿದರೆ ಸಾಕು. ಅದಕ್ಕೂ ಮೊದಲು ಅಲ್ಲಿಯವರೆಗೆ ದಾರಿ.

ಮರಳೆಲ್ಲ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಜಾರುಬಂಡೆ ಕೆಳಗೆ ಬಿದ್ದ ಮಕ್ಕಳಿಗೆ ಪೆಟ್ಟಾಗದ ಹಾಗೆ ಅದು ಇರಲೇಬೇಕು. ಗೇಟಿನಿಂದ ಜೋಕಾಲಿವರೆಗೆ ಪೇವರ್ ಬ್ಲಾಕ್ ಹಾಸಿ, ಕೊನೆಯಲ್ಲಿ ಕುರ್ಚಿ ತಿರುಗಿಸೋಕೆ ಒಂದೂವರೆ ಮೀಟರ್ ಚೌಕ ಬಿಡಿ. ಜೋಕಾಲಿ ಕೆಳಗೆ ಮಾತ್ರ ರಬ್ಬರ್ ಟೈಲ್.

ಎ-101:
ಗೇಟಿನ ಮುಂದಿನ ಮೆಟ್ಟಿಲಿಗೆ ವಾಚ್‌ಮನ್ ಹಲಗೆ ಇಡುತ್ತಾನಲ್ಲ, ನಡೆಯುತ್ತಾ?

ಬಿ-602:
ಇಲ್ಲ ಕಾಕಾ. ಮೆಟ್ಟಿಲು 15 ಸೆಂ.ಮೀ. ಇದೆ. ಇಳಿಜಾರು 1:12 ಇರಬೇಕು, ಎತ್ತರದ ಹನ್ನೆರಡು ಪಟ್ಟು ಉದ್ದ, ಅಂದರೆ 1.8 ಮೀಟರ್. ಆ ಹಲಗೆ ಅದರ ಅರ್ಧವೂ ಇಲ್ಲ. ಮಳೆಯಲ್ಲಿ ಪಾಚಿ ಬೇರೆ. ಸಿಮೆಂಟಿನ ಇಳಿಜಾರು ಕಟ್ಟಿಸಿದರೆ ಪ್ರ್ಯಾಮ್ ತಳ್ಳುವವರಿಗೂ ಆಯ್ತು, ವಾಕರ್ ಹಿಡಿದ ನಮ್ಮ ಅಮ್ಮನಿಗೂ ಆಯ್ತು.

ಬೆಂಗಳೂರಿನ ಕೋಲ್ಸ್ ಪಾರ್ಕ್ ಯಾರಾದರೂ ನೋಡಿದ್ದೀರಾ? ಕಿಲಿಕಿಲಿ ಅನ್ನೋ ಪೋಷಕರ ಸಂಸ್ಥೆ ಪಾಲಿಕೆ ಜೊತೆ ಸೇರಿ ಅಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಜಾಗ ಮಾಡಿದ್ದಾರೆ. ಕಮಿಟಿಗೆ ತೋರಿಸೋಕೆ ಒಳ್ಳೆಯ ಉದಾಹರಣೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯನ್ನೂ ಪತ್ರದಲ್ಲಿ ಹಾಕಬೇಕು. 21 ಬಗೆಯ ಅಂಗವಿಕಲತೆ ಅದರಲ್ಲಿದೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಎರಡೂ ಸೇರಿವೆ.

ಸಿ-304:
ಕಾಯ್ದೆ ಪತ್ರದ ಕೊನೆಯ ಸಾಲಿನಲ್ಲಿರಲಿ. ಮೊದಲ ಸಾಲಲ್ಲೇ ಕಾಯ್ದೆ ಅಂದರೆ ವಕೀಲರ ನೋಟಿಸ್ ಬಂದ ಹಾಗಾಗುತ್ತೆ, ನಾಳೆ ಲಿಫ್ಟಲ್ಲಿ ಅದೇ ಜನರ ಮುಖ ನೋಡಬೇಕು.

ಡಿ-205:
ತಡವಾಗಿ ಓದಿದೆ. ನಮ್ಮ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕೂರಿಸುವ, ಕಿವಿ ಕೇಳಿಸುವ ಯಂತ್ರ) ಆಗಿರೋದು ಕೆಲವರಿಗೆ ಗೊತ್ತು. ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಜಾರಿದರೆ ಮೈಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತೆ, ಅದರಿಂದ ಯಂತ್ರದ ಪ್ರೋಗ್ರಾಂ ಕೆಡಬಹುದು ಅಂತ ಹೇಳಿದ್ದಾರೆ. ಹೊಸ ಯಂತ್ರಗಳಲ್ಲಿ ಭಯ ಕಡಿಮೆಯಂತೆ, ಆದರೂ ನಾನು ಯಂತ್ರದ ಹೊರಗಿನ ಭಾಗ ಕಿವಿಯಿಂದ ತೆಗೆದೇ ಕಳಿಸೋದು. ಆಗ ಅವಳಿಗೆ ಏನೂ ಕೇಳಿಸಲ್ಲ. "ಪಕ್ಕಕ್ಕೆ ಸರಿ" ಅಂತ ಮಕ್ಕಳು ಕೂಗಿದರೂ ಗೊತ್ತಾಗಲ್ಲ, ಸೊಕ್ಕು ಅಂದುಕೊಳ್ಳುತ್ತಾರೆ. ಇದಕ್ಕೆ ಕಮಿಟಿಯೇನೂ ಮಾಡೋದು ಬೇಡ. ಕೂಗೋ ಬದಲು ಹೆಗಲು ತಟ್ಟಿ ಅಂತ ನಿಮ್ಮ ಮಕ್ಕಳಿಗೆ ಹೇಳಿ ಸಾಕು.

ಎ-101:
ಹೇಳ್ತೀವಿ ತಾಯಿ. ಈಗ ಕೆಲಸದ ಮಾತು. ಎಜಿಎಂ, ಅಂದರೆ ಸೊಸೈಟಿಯ ವಾರ್ಷಿಕ ಸಭೆ, ಸೆಪ್ಟೆಂಬರ್ 30ರೊಳಗೆ ಆಗಲೇಬೇಕು. ಅದರ ಅಜೆಂಡಾ ಹೊರಡುವ ಮುಂಚೆ ನಮ್ಮ ಪತ್ರ ಸೆಕ್ರೆಟರಿ ಕೈಗೆ ಹೋಗಬೇಕು, ಇಲ್ಲಾಂದರೆ ಮುಂದಿನ ವರ್ಷವೇ. ಮರಾಠಿಯಲ್ಲಿ ನಾನು ಬರೆಯುತ್ತೇನೆ. ಗೇಟ್, ಇಳಿಜಾರು, ಪೇವರ್, ಸೀಟ್, ಇಷ್ಟೇ. ಸಹಿ ಬರೀ ಕನ್ನಡಿಗರದ್ದಾದರೆ ಸಾಲದು, ಎಲ್ಲ ವಿಂಗ್‌ನವರದ್ದೂ ಬೇಕು.

ಸಿ-304:
ಇನ್ನೊಂದು, ಇದಕ್ಕೆ ಯಾರ ಮಂಜೂರಾತಿಯೂ ಬೇಡ. ದೀಪಾವಳಿಗೆ ಇಲ್ಲಿ ಮಕ್ಕಳು ನೆಲದ ಮೇಲೆ ಮಣ್ಣಿನ ಪುಟ್ಟ ಕೋಟೆ ಕಟ್ಟುತ್ತಾರಲ್ಲ. ಹೋದ ವರ್ಷ ಪುಟ್ಟಿ ಕುರ್ಚಿಯ ಮೇಲಿನಿಂದ ನೋಡಿದ್ದೇ ಬಂತು. ಕೊನೆಗೆ ಕೋಟೆ ಮೇಲೆ ಹಸಿರು ಮೊಳೆಯಲಿ ಅಂತ ಒಂದು ಮುಷ್ಟಿ ಸಾಸಿವೆ ಕೊಟ್ಟು, ಚೆಲ್ಲು ಅಂದರು. ಚೆಲ್ಲಿದ್ದೆಲ್ಲ ಒಂದೇ ಬುರುಜಿನ ಮೇಲೆ ಬಿತ್ತು, ಅಲ್ಲಿ ಮಾತ್ರ ಕಾಡು ಬೆಳೆದ ಹಾಗೆ ಬೆಳೆಯಿತು. ಈ ಸಲ ಕೋಟೆಯನ್ನು ಮೇಜಿನ ಮೇಲೆ ಕಟ್ಟಿದರೆ? ಕೆಳಗೆ ಮೊಣಕಾಲು ಹೋಗೋಕೆ 70 ಸೆಂ.ಮೀ. ಖಾಲಿ ಇದ್ದರೆ ಅವಳೂ ಮಣ್ಣು ಕಲಸಬಹುದು.

ಸಿ-1103:
ಕ್ಲಬ್‌ಹೌಸಿನಲ್ಲಿ ಎರಡು ಹಳೇ ಮೇಜು ಸುಮ್ನೆ ಬಿದ್ದಿವೆ. ಅಳೆದು ಹೇಳ್ತೀನಿ.

ಬಿ-602:
ಭಾನುವಾರ ಬೆಳಿಗ್ಗೆ 8ಕ್ಕೆ ಗೇಟ್ ಹತ್ತಿರ ಬನ್ನಿ. ಅಕ್ಕಾ, ಟೇಪ್ ಜೊತೆ ಕುರ್ಚಿನೂ ತನ್ನಿ.

ಸಿ-304:
ಕುರ್ಚಿ ತಂದರೆ ಅವಳೂ ಬರ್ತಾಳೆ. ಎಣ್ಣೆ ಬಿಟ್ಟೇ ತರ್ತೀನಿ.