‘ನಿಯಮಿತ ಅಭಿವ್ಯಕ್ತಿ’ ಬೇಡ, ಮತ್ತೇನು?

ಗೆಳೆಯರೇ, ಬೆಳಗಾವಿಯಿಂದ ಒಂದು ಪದದ ಪ್ರಶ್ನೆ.

ಇಲ್ಲಿನ ಕಾಲೇಜು ಹುಡುಗರಿಗಾಗಿ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಬರಹದಲ್ಲಿ ಅಕ್ಷರಗಳು ಹೀಗೆ ಹೀಗೆ ಬಂದರೆ ಹಿಡಿ, ಹಿಡಿದದ್ದನ್ನು ಬದಲಿಸು ಅಂತ ಕಂಪ್ಯೂಟರಿಗೆ ಹೇಳುವ ಚಿಕ್ಕ ಸೂತ್ರ ಅದು. ಇದಕ್ಕೆ ‘ನಿಯಮಿತ ಅಭಿವ್ಯಕ್ತಿ’ ಅಂದರೆ ದಿನಾ ತಪ್ಪದೆ ಕವಿತೆ ಬರೆಯುವವರ ನೆನಪಾಗುತ್ತದೆ, ಅಲ್ವಾ?

‘ರೆಗ್ಯುಲರ್’ ಪದಕ್ಕೆ ನಾವು ಅಷ್ಟು ಅಂಟಿಕೊಳ್ಳಬೇಕಿಲ್ಲ. ಗಣಿತಜ್ಞ ಸ್ಟೀಫನ್ ಕ್ಲೀನಿ 1951ರ ವರದಿಯಲ್ಲಿ ಈ ಹೆಸರಿಟ್ಟಾಗ, ಇದಕ್ಕಿಂತ ಒಪ್ಪುವ ಪದವಿದ್ದರೆ ಹೇಳಿ ಅಂತ ಅಲ್ಲೇ ಕೇಳಿಕೊಂಡಿದ್ದರು. ಇಟ್ಟವರಿಗೇ ಸಮಾಧಾನ ಇರಲಿಲ್ಲ!

ನನಗೆ ಹೊಳೆದದ್ದು ‘ನಮೂನೆ’. ನಮ್ಮ ಕಡೆ ಸೀರೆ ಅಂಗಡಿಯಲ್ಲೂ ‘ಯಾವ ನಮೂನಿ ಬೇಕ್ರಿ?’ ಅಂತಲೇ ಕೇಳುತ್ತಾರೆ. ತೊಡಕೆಂದರೆ, ಪಂಚಾಯಿತಿಗೆ ಓಡಾಡಿದವರಿಗೆ ನಮೂನೆ ಅಂದರೆ ನಮೂನೆ-9, ನಮೂನೆ-11ಬಿ. ‘ಮಾದರಿ’ ಅಂದರೆ ಮಾದರಿ ಶಾಲೆ, ಮಾದರಿ ರೈತ.

ನನ್ನ ಪುಟದ ಉದಾಹರಣೆ ನೋಡಿ. ಹಳೆಯ ಬರಹವೊಂದರಲ್ಲಿ ಕೆಲವೆಡೆ ‘ಬಾಗಲಕೋಟ’, ಕೆಲವೆಡೆ ‘ಬಾಗಲಕೋಟೆ’ ಇತ್ತು. ಸುಮ್ನೆ ‘ಕೋಟ’ ಹುಡುಕಿ ‘ಕೋಟೆ’ ಮಾಡಿದೆ. ಮೊದಲೇ ಸರಿಯಿದ್ದ ಕಡೆ ‘ಟೆ’ಗೆ ಎರಡೆರಡು ಎತ್ವ ಬಂದು ಕೂತವು! ಯಾಕೆಂದರೆ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡಿನಲ್ಲಿ ‘ಟೆ’ ಒಂದು ಅಕ್ಷರವಲ್ಲ, ‘ಟ’ ಮತ್ತು ಎತ್ವ ಬೇರೆ ಬೇರೆ. ಹಾಗಾಗಿ ‘ಕೋಟೆ’ಯ ಹೊಟ್ಟೆಯಲ್ಲೇ ‘ಕೋಟ’ ಇದೆ. ‘ಮುಂದೆ ಎತ್ವ ಇದ್ದರೆ ಬಿಡು’ ಅಂತ (?!ೆ) ಸೇರಿಸಿದೆ, ಎತ್ವದ ಕಾಟ ತಪ್ಪಿತು. ಆದರೆ ‘ಬಾಗಲಕೋಟದಲ್ಲಿ’ ಹೋಗಿ ‘ಬಾಗಲಕೋಟೆದಲ್ಲಿ’ ಆಯಿತು. ವಿಭಕ್ತಿಯ ಪೆಟ್ಟು! ಅದಕ್ಕೆ ಮೊದಲು ‘ಕೋಟದ’ ಎಂಬುದನ್ನು ‘ಕೋಟೆಯ’ ಮಾಡಬೇಕು. ಮಜಾ ಏನೆಂದರೆ, ಈ ಒಂದೇ ಸೂತ್ರಕ್ಕೆ ‘ಕೋಟದಿಂದ’ ಕೂಡ ‘ಕೋಟೆಯಿಂದ’ ಆಗುತ್ತದೆ. ‘ದ’ ಹೋಗಿ ‘ಯ’ ಬಂದರೂ ಗುಡಿಸು ತನ್ನ ಜಾಗದಲ್ಲೇ ಉಳಿಯುತ್ತದಲ್ಲ! ಮೊದಲು ಕೈಕೊಟ್ಟ ಯೂನಿಕೋಡೇ ಇಲ್ಲಿ ಕೈಹಿಡಿಯಿತು. ‘ಕೋಟಕ್ಕೆ’ ಮಾತ್ರ ಬೇರೆಯೇ ಸೂತ್ರ ಕೇಳುತ್ತದೆ.

‘ಬಿಜಾಪುರ’ವನ್ನು ‘ವಿಜಯಪುರ’ ಮಾಡುವುದು ಸಲೀಸು, ಎರಡಕ್ಕೂ ಬಾಲ ಒಂದೇ. ಆದಿಲ್‌ಶಾಹಿ ಕಾಲದ ಮಾತು ಬಂದಲ್ಲಿ ಮಾತ್ರ ಕಣ್ಣಿಟ್ಟಿರಬೇಕು.

ಇದನ್ನೆಲ್ಲ ಬರೆಯುವಾಗ ‘ಮ್ಯಾಚ್’ ಪದಕ್ಕೆ ಕೈ ತಾನಾಗಿ ‘ತಾಳೆ’ ಅಂತ ಬರೆಯಿತು. ಲೆಕ್ಕ ತಾಳೆ ನೋಡುತ್ತೇವಲ್ಲ, ಅದೇ. ಹಾಗಾದರೆ ಇಡೀ ಸೂತ್ರವನ್ನು ‘ತಾಳೆನಮೂನೆ’ ಅನ್ನಬಹುದೇ? ಪಂಚಾಯಿತಿಯ ಗೊಂದಲವೂ ಇರುವುದಿಲ್ಲ. ತಾಳೆಮರ, ತಾಳೆಗರಿ ಅಡ್ಡ ಬರುತ್ತವೆ ಅನ್ನಿಸಿದರೆ ‘ಹುಡುಕುನಮೂನೆ’ ಇದೆ, ಆದರೆ ಅದರಲ್ಲಿ ಬದಲಿಸುವ ಕೆಲಸ ಕಾಣುವುದಿಲ್ಲ. ನಿಮ್ಮ ಕಡೆ ಪಾಠ ಹೇಳುವವರು, ಕೋಡ್ ಬರೆಯುವವರು ಏನನ್ನುತ್ತಾರೆ? ಇಂಗ್ಲಿಷಿನ ಚುಟುಕು ಹೆಸರು ‘ರೆಜೆಕ್ಸ್’ ಅಂತಲೇ ಬಿಡಿ ಅಂದರೂ ಬೇಜಾರಿಲ್ಲ, ಆದರೆ ಕಾರಣ ಹೇಳಿ.