ಕೋಳಿಗೂಡಲ್ಲಿ ಫೀಡರು, ನೀರಿನ ಡಬ್ಬ ನೇತು ಹಾಕೋದಾ ಬೇಡ್ವಾ? ಅನುಭವ ಇದ್ದೋರು ಹೇಳಿ

ಹೊಸಗೂಡು: 14 ಹೇಂಟೆ ಇದಾವೆ. ನೀರಿನ ಡಬ್ಬ ತೊಳೆದಿಟ್ಟು ಈಕಡೆ ತಿರುಗೋ ಅಷ್ಟರಲ್ಲಿ ಕೆದರಿ ಕೆದರಿ ನೆಲಕ್ಕೆ ಹಾಸಿದ ಹೊಟ್ಟು, ಹಿಕ್ಕೆ ಎಲ್ಲಾ ಅದರೊಳಗೆ. ನೇತು ಹಾಕೋಣ ಅಂದ್ರೆ ಸೂರು ನನ್ನ ಎದೆಮಟ್ಟಕ್ಕಿದೆ, ಮೇಲೆ ಬರೀ ಶೀಟು. ಹೆಂಗ್ ಕಟ್ಟೋದು?

ಹಳೇಬಕೆಟ್: ಯೋಚನೆನೇ ಮಾಡ್ಬೇಡಿ, ನೇತು ಹಾಕಿ. ಎರಡು ವರ್ಷ ನೆಲದ ಮೇಲಿಟ್ಟು ಅನುಭವಿಸಿದೀನಿ. ಒಂದ್ಸಲ ಹಠಕ್ಕೆ ಬಿದ್ದು ಚೆಲ್ಲಿದ ಫೀಡನ್ನ ಏಳು ದಿನ ಗುಡಿಸಿ, ಜರಡಿ ಹಿಡಿದು ತೂಗಿದೆ, 2 ಕೆಜಿ 300 ಗ್ರಾಂ! ಹೇಂಟೆ ದಿನಕ್ಕೆ ತಿನ್ನೋದು 110-120 ಗ್ರಾಂ, ಅಂದ್ರೆ 20 ಕೋಳಿ ಒಂದಿನ ತಿನ್ನೋದು ತಿಪ್ಪೆಗೆ. ಈಗ ಸರಪಳಿ, ಎಸ್ ಕೊಕ್ಕೆ. ತಟ್ಟೆ ಅಂಚು ಕೋಳಿ ಬೆನ್ನಿನ ಮಟ್ಟಕ್ಕೆ, ತಟ್ಟೇಲಿ ಮೂರನೇ ಒಂದು ಭಾಗ ಅಷ್ಟೇ ಫೀಡು, ಮರಿ ಬೆಳೆದಂಗೆ ಒಂದೊಂದೇ ಕೊಂಡಿ ಏರಿಸ್ತೀನಿ. ಈಗ ಗುಡಿಸಿದ್ರೆ ಒಂದು ಹಿಡಿನೂ ಸಿಗಲ್ಲ.

ಆರುಮರಿ: ಫೀಡರ್ ಏನೋ ಸರಿ, ನೀರು ನೇತು ಹಾಕಿ ಅನುಭವಿಸಿದ್ದು ನಾನು. 8 ಲೀಟರ್ ಡಬ್ಬ, ರಾತ್ರಿ ಯಾವುದೋ ಒಂದು ಅದರ ಮೇಲೆ ಹತ್ತಿ ಕೂತಿದೆ, ವಾಲ್ಕೊಂಡು ಒಳಗೆ ಗಾಳಿ ಹೋಗಿ ಬೆಳಗಾಗೋದ್ರಲ್ಲಿ ಪೂರ್ತಿ ಖಾಲಿ. ಹೊಟ್ಟು ಹಿಟ್ಟಿನ ಮುದ್ದೆ ಥರ. ಒಣಗತ್ತೆ ಬಿಡು ಅಂತ ಬಿಟ್ಟಿದ್ದೇ ತಪ್ಪು, ಬಗ್ಗಿದ್ರೆ ಅಮೋನಿಯಾ ಘಾಟಿಗೆ ಕಣ್ಣು ಉರಿ, ವಾರ ಕಳೆಯೋ ಅಷ್ಟರಲ್ಲಿ ಮರಿಗಳು ರೆಕ್ಕೆ ಇಳಿಬಿಟ್ಕೊಂಡು ಮೂಲೇಲಿ, ಹಿಕ್ಕೇಲಿ ರಕ್ತ. ಕಾಕ್ಸಿಡಿಯೋಸಿಸ್, ಕರುಳಿಗೆ ಬರೋ ರೋಗ. ಹತ್ತರಲ್ಲಿ ಆರು ಉಳಿದ್ವು. ಅವತ್ತಿಂದ ಎರಡು ಇಟ್ಟಿಗೆ ಮೇಲೆ ಡಬ್ಬ, ಅಷ್ಟೇ.

ಹಳೇಬಕೆಟ್: ಅದು ನೇತು ಹಾಕಿದ್ದರ ತಪ್ಪಲ್ಲ, ಒದ್ದೆ ಹೊಟ್ಟು ತೆಗೀದೇ ಇದ್ದಿದ್ದರ ತಪ್ಪು.

ಆರುಮರಿ: ಸತ್ತಿದ್ದು ನನ್ನ ಮರಿ ಸ್ವಾಮಿ, ತಪ್ಪು ನೀವು ಹೇಳ್ಕೊಡ್ಬೇಕಾಗಿಲ್ಲ. ಇಲ್ಲಿ ಎಲ್ರೂ ಜರಡಿ ಹಿಡ್ಕೊಂಡು ಕೂರಲ್ಲ.

ನಿಪ್ಪಲ್‌ನೋನು: ಇಬ್ರೂ ಹಳೇ ಕಾಲದಲ್ಲೇ ಇದೀರ. ಬಕೆಟ್ ತಳಕ್ಕೆ ನಾಲ್ಕು ನಿಪ್ಪಲ್ (ಕೊಕ್ಕಲ್ಲಿ ತಟ್ಟಿದ್ರೆ ಹನಿ ಬೀಳೋ ಪುಟ್ಟ ನಳಿಕೆ), ಕೋಳಿ ಕತ್ತು ಚಾಚಿ ಕುಡಿಯೋ ಎತ್ತರ, ಮೇಲೆ ಮುಚ್ಚಳ. ಮೂರು ದಿನ ಮುಟ್ಟಿರ್ಲಿಲ್ಲ, ನಾನೇ ಬೆರಳಲ್ಲಿ ತಟ್ಟಿ ಹನಿ ಬೀಳ್ಸಿ ತೋರಿಸ್ದೆ, ಒಂದು ಕಲಿತ್ಮೇಲೆ ಉಳಿದವು ನೋಡ್ಕೊಂಡು ಕಲಿತ್ವು. ಒಂದೇ ಒಂದ್ಸಲ ಪಾಚಿ ಕಟ್ಕೊಂಡು ನೀರು ಬರೋದೇ ನಿಂತಿತ್ತು, ನಾನು ಊರಲ್ಲಿರ್ಲಿಲ್ಲ. ಅದಾದ್ಮೇಲೆ ಸುಮಾರು ದಿನ ಸರಿಯಾಗಿ ಮೊಟ್ಟೆ ಇಡ್ಲಿಲ್ಲ, ಅದೊಂದು ಬಿಟ್ರೆ ಆರಾಮು.

ಆರುಮರಿ: "ಅದೊಂದು ಬಿಟ್ರೆ" ಅಂತೆ!

ಹಳೇಬಕೆಟ್: ಪಾಚಿಗೆ ನೀರಿಗೆ ಸ್ವಲ್ಪ ವಿನೆಗರ್ ಹಾಕಿ, ನಾನು ತಗಡಿನ ಡಬ್ಬಕ್ಕೇ ಹಾಕ್ತೀನಿ.

ನಿಪ್ಪಲ್‌ನೋನು: ತಗಡಿಗೆ ವಿನೆಗರಾ?? ಸತುವಿನ ಲೇಪ ಕರಗಿ ನೀರಿಗಿಳಿಯತ್ತೆ. ಹುಳಿ ಹಾಕೋದಿದ್ರೆ ಪ್ಲಾಸ್ಟಿಕ್ಕಿಗೆ ಮಾತ್ರ. ಮೊದ್ಲು ಡಬ್ಬದೊಳಗೆ ಕೈ ಹಾಕಿ ಸವರಿ ನೋಡಿ.

ಹಳೇಬಕೆಟ್: ಮೂರು ವರ್ಷದಿಂದ ಹಾಕ್ತಿದೀನಿ, ಒಂದೂ ಸತ್ತಿಲ್ಲ.

ಹೊಸಗೂಡು: ಅಣ್ಣ, ಸೂರು ತಗ್ಗು ಅಂತ ಕೇಳಿದ್ದೆ...

ಆರುಮರಿ: ಶೀಟಿಗೆ ಕಟ್ಬೇಡಿ, 8 ಲೀಟರ್ ನೀರು ಅಂದ್ರೆ 8 ಕೆಜಿ. ಆ ಗೋಡೆಯಿಂದ ಈ ಗೋಡೆಗೆ ಕಬ್ಬಿಣದ ಪೈಪ್ ಅಡ್ಡ ಹಾಕಿ ಅದಕ್ಕೆ ಫೀಡರ್ ನೇತು ಹಾಕಿ. ನೀರು ಇಟ್ಟಿಗೆ ಮೇಲೇ ಇರ್ಲಿ.

ಹಳೇಬಕೆಟ್: ಸವರಿ ನೋಡ್ದೆ. ಒಳಗೆ ಬಿಳೀ ಪುಡಿ ಥರ ಇದೆ. ಅದು ಗಡಸು ನೀರಿನ ಉಪ್ಪು, ಸತುವಲ್ಲ.

ನಿಪ್ಪಲ್‌ನೋನು: 😂 ವಿನೆಗರ್ ಹಾಕಿದ್ರೆ ಆ ಉಪ್ಪೇ ಕರಗೋಗತ್ತಲ್ಲ ಸ್ವಾಮಿ.